ಕಾಲು ಕಲಿಸಿದ ವಿಮಾನ

ನಾನು ಬೀದರ್‌ನವನು. ಎಪ್ಪತ್ತರ ದಶಕದಲ್ಲಿ ನಮ್ಮೂರಲ್ಲಿ ಬೆಳೆದವರಿಗೆಲ್ಲ ಒಂದು ಸಪ್ಪಳ ಗೊತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಏರ್‌ಫೋರ್ಸ್ ಸ್ಟೇಷನ್ ಕಡೆಯಿಂದ ಅದು ಶುರುವಾಗುತ್ತಿತ್ತು. ಮೊದಲು ದೂರದಲ್ಲೆಲ್ಲೋ ಗುಂಯ್ ಅನ್ನುತ್ತಿತ್ತು, ಆಮೇಲೆ ತೊಗರಿ ಹೊಲಗಳ ಮೇಲೆ ತಿರುಗಿಕೊಂಡು ಬರುತ್ತಿತ್ತು. ಅದು ಎಚ್‌ಟಿ-2. ವಾಯುಪಡೆಗೆ ಹೊಸದಾಗಿ ಸೇರಿದ ಹುಡುಗರು ಅದರಲ್ಲೇ ಹಾರಲು ಕಲಿಯುತ್ತಿದ್ದರು. ಕೆಲವು ಸಲ ಎತ್ತರದಲ್ಲಿ ಸಪ್ಪಳ ಒಮ್ಮೆಲೇ ಇಳಿದುಹೋಗುತ್ತಿತ್ತು. ನಾವು ಸೈಕಲ್ ನಿಲ್ಲಿಸಿ ತಲೆ ಎತ್ತುತ್ತಿದ್ದೆವು. ವಿಮಾನ ಗಿರಗಿರ ಸುತ್ತುತ್ತಾ ಕೆಳಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಸುತ್ತು ನಿಂತು, ಸಪ್ಪಳ ಮತ್ತೆ ಎದ್ದು, ಮೇಲೇರಿ ಹೋಗುತ್ತಿತ್ತು. ಅದಕ್ಕೆ ಸ್ಪಿನ್ ಅಂತಾರೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದಮೇಲೆ, ಇನ್ನೊಂದು ದೇಶದಲ್ಲಿ.

ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದೆ, ಇಲ್ಲೇ ಉಳಿದೆ. ಒಂದು ಭಾನುವಾರ ಆಕ್ಸ್‌ಫರ್ಡ್‌ಶೈರ್ ಕಡೆ ಕಾರಿನಲ್ಲಿ ಹೋಗುವಾಗ ಒಂದು ಸಣ್ಣ ಹುಲ್ಲಿನ ಏರ್‌ಫೀಲ್ಡ್ ಪಕ್ಕ ಅದೇ ಸಪ್ಪಳ ಕೇಳಿಸಿತು. ಕಾರು ನಿಲ್ಲಿಸಿ ಬೇಲಿ ಹತ್ತಿರ ಹೋದೆ. ಕೆಳಗೆ ರೆಕ್ಕೆ, ಒಂದರ ಹಿಂದೆ ಒಂದು ಸೀಟು, ಬಾಲದ ಕೆಳಗೆ ಪುಟ್ಟ ಚಕ್ರ, ಉದ್ದ ಮೂತಿ. ಅರೆ, ಇದು ನಮ್ಮೂರಿನ ವಿಮಾನ ಅಲ್ವಾ ಅನ್ನಿಸಿತು. ಅಲ್ಲ. ಅದು ಡಿ ಹ್ಯಾವಿಲೆಂಡ್ ಕಂಪನಿಯ ಚಿಪ್‌ಮಂಕ್, ಅದೂ ತರಬೇತಿಯ ವಿಮಾನವೇ.

ಎರಡೂ ಒಂದೇ ಕಾಲದವು. ಚಿಪ್‌ಮಂಕ್ ಹುಟ್ಟಿದ್ದು ಕೆನಡಾದಲ್ಲಿ. ಯುದ್ಧದ ಕಾಲದಲ್ಲಿ ಪೋಲೆಂಡಿನಿಂದ ಅಲ್ಲಿಗೆ ಹೋದ ಯಾಕಿಮಿಯುಕ್ ಅನ್ನುವ ಎಂಜಿನಿಯರ್ ರೂಪಿಸಿದ್ದು. 1946ರ ಮೇ 22ರಂದು ಟೊರಾಂಟೊ ಹತ್ತಿರದ ಡೌನ್ಸ್‌ವ್ಯೂನಲ್ಲಿ ಮೊದಲ ಸಲ ಹಾರಿತು. ನಮ್ಮ ಎಚ್‌ಟಿ-2 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ಕೈಯಲ್ಲಿ ರೂಪುಗೊಂಡು, 1951ರ ಆಗಸ್ಟ್‌ನಲ್ಲಿ ಹಾರಿತು. ಅದರ ಮೊದಲ ಮಾದರಿಯಲ್ಲಿದ್ದದ್ದು ಜಿಪ್ಸಿ ಮೇಜರ್ ಎಂಜಿನ್. ಚಿಪ್‌ಮಂಕ್‌ನಲ್ಲಿ ಇರುವುದೂ ಅದೇ ಮನೆತನದ ಎಂಜಿನ್. ಆಮೇಲೆ ಎಚ್‌ಟಿ-2ಗೆ ಸಿರಸ್ ಮೇಜರ್ ಬಂತು. ಅದೂ ತಲೆಕೆಳಗಾಗಿ ಕೂತ ನಾಲ್ಕು ಸಿಲಿಂಡರಿನದೇ. ನನ್ನ ಕಿವಿ ಮೋಸ ಹೋಗಿರಲಿಲ್ಲ.

ಆವತ್ತು ಬೇಲಿ ಪಕ್ಕ ನಿಂತವನು ಮೂರು ವರ್ಷದ ನಂತರ ಅದೇ ವಿಮಾನದ ಎಂಟನೇ ಒಂದು ಭಾಗದ ಮಾಲೀಕನಾದೆ. ಇಲ್ಲಿ ಹಳೆ ವಿಮಾನಗಳನ್ನು ಹೆಚ್ಚಾಗಿ ಗುಂಪಾಗಿಯೇ ಇಟ್ಟುಕೊಳ್ಳುತ್ತಾರೆ. ಒಂದು ಪಾಲು ಕೊಳ್ಳಬೇಕು, ಹ್ಯಾಂಗರ್ ಬಾಡಿಗೆ ಮತ್ತು ವಿಮೆಗೆ ತಿಂಗಳಿಗಿಷ್ಟು ಕಟ್ಟಬೇಕು, ಹಾರಿದಷ್ಟು ಗಂಟೆಗೆ ಬೇರೆ ಕೊಡಬೇಕು. ನನ್ನ ಪಾಲಿಗೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆ ಆಯಿತು. ಲೈಸೆನ್ಸ್ ಆಗಲೇ ಇತ್ತು. ಆದರೆ ನಾನು ಕಲಿತದ್ದು ಮೂಗಿನ ಕೆಳಗೆ ಚಕ್ರ ಇರುವ ಆಧುನಿಕ ವಿಮಾನದಲ್ಲಿ. ಬಾಲದ ಚಕ್ರದ ವಿಮಾನಕ್ಕೆ ಬೇರೆ ತರಬೇತಿ ಪಡೆದು, ಲಾಗ್‌ಬುಕ್‌ನಲ್ಲಿ ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿಕೊಳ್ಳಬೇಕು. ಇಷ್ಟು ಗಂಟೆ ಅಂತ ಲೆಕ್ಕ ಇಲ್ಲ, ಬಂತು ಅನ್ನಿಸುವವರೆಗೆ. ನನಗೆ ಬರಲು ಹನ್ನೆರಡು ಗಂಟೆ ಬೇಕಾಯಿತು.

ಮೊದಲ ದಿನ ನನಗೆ ಕಲಿಸಿದ್ದು ಹಾರುವುದನ್ನಲ್ಲ, ಪ್ರೊಪೆಲ್ಲರ್ ತಿರುಗಿಸುವುದನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ ತಲೆಕೆಳಗಾಗಿದೆ, ಕ್ರ್ಯಾಂಕ್ ಮೇಲೆ, ಸಿಲಿಂಡರ್‌ಗಳು ಕೆಳಗೆ. ವಿಮಾನ ಒಂದು ವಾರ ಸುಮ್ನೆ ನಿಂತರೆ ಆಯಿಲ್ ಮೆಲ್ಲಗೆ ಇಳಿದು ಸಿಲಿಂಡರ್ ತಲೆಯಲ್ಲಿ ಕೂತುಬಿಡುತ್ತದೆ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಬಂದು ಆ ಆಯಿಲ್‌ಗೆ ಗುದ್ದುತ್ತದೆ. ಆಯಿಲ್ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೇ ಮೊದಲು ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗಳ ಎರಡೂ ಸ್ವಿಚ್ ಆಫ್ ಇವೆಯಾ ಅಂತ ಕಣ್ಣಾರೆ ನೋಡಿ, ಆದರೂ ಎಂಜಿನ್ ಹತ್ತಿಕೊಂಡು ಪ್ರೊಪೆಲ್ಲರ್ ಯಾವಾಗ ಬೇಕಾದರೂ ತಿರುಗಿಬಿಡುತ್ತದೆ ಅನ್ನುವ ಭಯದಲ್ಲೇ ನಿಂತು, ಕೈಯಿಂದ ಒಂದೊಂದೇ ಬ್ಲೇಡ್ ಎಳೆಯಬೇಕು. ನಾಲ್ಕು ಕಂಪ್ರೆಶನ್ ಎಣಿಸಬೇಕು. ಕಂಪ್ರೆಶನ್ ಅಂದರೆ ಸ್ಪಂಜಿನಂತೆ ಮೆತ್ತಗೆ ತಡೆಯುತ್ತದೆ, ಆಮೇಲೆ ಉಸಿರು ಬಿಟ್ಟ ಹಾಗೆ ಜಾರುತ್ತದೆ. ಆಯಿಲ್ ಕೂತಿದ್ದರೆ ಗೋಡೆಗೆ ತಾಗಿದ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ನಿಂತರೆ ಒತ್ತಾಯ ಮಾಡಬಾರದು, ಪ್ಲಗ್ ಬಿಚ್ಚಿ ಆಯಿಲ್ ಇಳಿಸಬೇಕು. ಹನ್ನೊಂದು ವರ್ಷದಲ್ಲಿ ನನಗೆ ಆ ಗೋಡೆ ಎರಡು ಸಲ ಸಿಕ್ಕಿದೆ. ಎರಡು ಸಲವೂ ಅಂಗೈಗೆ ಮೊದಲು ಗೊತ್ತಾಯಿತು.

ಹಳೆ ಕಾಲದಲ್ಲಿ ಆರ್‌ಎಎಫ್‌ನವರು, ಅಂದರೆ ಬ್ರಿಟನ್ನಿನ ವಾಯುಪಡೆಯವರು, ಇದನ್ನು ಕಾರ್ಟ್ರಿಜ್ ಹೊಡೆದು ಸ್ಟಾರ್ಟ್ ಮಾಡುತ್ತಿದ್ದರು, ಬಂದೂಕಿನ ತೋಟಾದಂಥದ್ದು. ನಮ್ಮದರಲ್ಲಿ ಈಗ ಎಲೆಕ್ಟ್ರಿಕ್ ಸ್ಟಾರ್ಟರ್ ಇದೆ. ಎಂಜಿನ್ 6.1 ಲೀಟರಿನದು, 145 ಕುದುರೆ ಶಕ್ತಿ. ಹತ್ತಿಕೊಂಡಾಗ ಒಂದು ಗುಕ್ಕು ನೀಲಿ ಹೊಗೆ ಬಂದು, ಬಿಸಿ ಆಯಿಲ್ ಮತ್ತು ಪೆಟ್ರೋಲ್ ವಾಸನೆ ಕಾಕ್‌ಪಿಟ್ ತುಂಬುತ್ತದೆ. ಆ ವಾಸನೆ ಜಾಕೆಟ್‌ಗೆ ಹತ್ತಿದ್ದು ಮನೆಗೆ ಬಂದರೂ ಹೋಗುವುದಿಲ್ಲ.

ಪೆಟ್ರೋಲ್ ಎಷ್ಟಿದೆ ಅಂತ ನೋಡಲು ಡ್ಯಾಶ್‌ಬೋರ್ಡ್ ನೋಡಿದರೆ ಸಿಗುವುದಿಲ್ಲ. ಗೇಜ್‌ಗಳು ರೆಕ್ಕೆಯ ಮೇಲೆಯೇ ಇವೆ, ಎಡಕ್ಕೊಂದು, ಬಲಕ್ಕೊಂದು. ತಲೆ ಹೊರಳಿಸಿ ಹೊರಗೆ ನೋಡಬೇಕು. ಒಂದೊಂದು ಕಡೆ ಒಂಬತ್ತು ಗ್ಯಾಲನ್, ಒಟ್ಟು ಸುಮಾರು 82 ಲೀಟರ್. ಗಂಟೆಗೆ ಮೂವತ್ತರ ಆಸುಪಾಸು ಕುಡಿಯುತ್ತದೆ. ಹುಡುಗರಿಗೆ ಹೊರಗೆ ನೋಡುವ ಅಭ್ಯಾಸ ಆಗಲಿ ಅಂತ ಹಾಗೆ ಇಟ್ಟರೋ, ಇಡಲು ಅದೇ ಸುಲಭ ಅಂತ ಇಟ್ಟರೋ, ನನಗಂತೂ ಆ ಅಭ್ಯಾಸ ಬಂತು. ಇನ್ನೊಂದು ವಿಮಾನದಲ್ಲಿ ಕೂತರೂ ನನ್ನ ತಲೆ ಹೊರಗೇ ತಿರುಗುತ್ತದೆ.

ಈಗ ಕಾಲಿನ ವಿಷಯ. ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಹಲಗೆಗೆ ರಡರ್ ಅಂತಾರೆ, ಅದನ್ನು ಆಡಿಸುವುದು ಕಾಲಿನ ಪೆಡಲ್‌ಗಳಿಂದ. ಆಧುನಿಕ ವಿಮಾನದಲ್ಲಿ ನೆಲದ ಮೇಲೆ ಕಾಲು ಅರ್ಧ ನಿದ್ದೆಯಲ್ಲಿದ್ದರೂ ನಡೆಯುತ್ತದೆ. ಚಿಪ್‌ಮಂಕ್‌ನಲ್ಲಿ ಹ್ಯಾಂಗರ್ ಬಾಗಿಲಿನಿಂದ ಮತ್ತೆ ಹ್ಯಾಂಗರ್ ಬಾಗಿಲಿನವರೆಗೆ ಕಾಲು ಎಚ್ಚರ ಇರಲೇಬೇಕು. ಮುಂದಿನ ಮೂತಿ ದಾರಿ ಮರೆ ಮಾಡುತ್ತದೆ. ಹಾಗಾಗಿ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಿಸುವಾಗ, ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಹೊರಳುತ್ತಾ ಹೋಗಬೇಕು. ಟೇಕಾಫ್‌ಗೆ ಥ್ರಾಟಲ್ ಕೊಟ್ಟರೆ ಮೂತಿ ಬಲಕ್ಕೆ ಎಳೆಯುತ್ತದೆ, ಎಡಗಾಲು ತಯಾರಿರಬೇಕು. ಅಮೆರಿಕದ ಎಂಜಿನ್‌ಗಳಲ್ಲಿ ಕಲಿತವರಿಗೆ ಇದು ಉಲ್ಟಾ. ನನ್ನ ಬಲಗಾಲು ಮೊದಲ ವಾರ ಪೂರ್ತಿ ತಪ್ಪು ಉತ್ತರ ಕೊಡುತ್ತಲೇ ಇತ್ತು.

ಬ್ರೇಕ್ ಇನ್ನೂ ವಿಶೇಷ. ಪೆಡಲ್ ಮೇಲೆ ಬ್ರೇಕ್ ಇಲ್ಲ. ಎಡಗಡೆ ಒಂದು ಹ್ಯಾಂಡ್‌ಬ್ರೇಕ್ ಲಿವರ್ ಇದೆ, ಹಲ್ಲು ಹಲ್ಲಾಗಿ ಹಿಂದಕ್ಕೆ ಬರುತ್ತದೆ. ಕೆಲವು ಹಲ್ಲು ಎಳೆದಿಟ್ಟು ರಡರ್ ಪೆಡಲ್ ಪೂರ್ತಿ ಒತ್ತಿದರೆ ಆ ಕಡೆಯ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿಯುತ್ತದೆ. ಟ್ಯಾಕ್ಸಿಗೆ ಬಹಳ ಚೆನ್ನ. ಆದರೆ ಇಳಿಯುವ ಮುಂಚೆ ಲಿವರ್ ಪೂರ್ತಿ ಮುಂದೆ ಇರಬೇಕು. ಇಲ್ಲದಿದ್ದರೆ ನೀವು ದಿಕ್ಕು ಸರಿಮಾಡಲು ರಡರ್ ಒತ್ತುತ್ತೀರಿ, ವಿಮಾನ ಬ್ರೇಕ್ ಹಿಡಿಯುತ್ತದೆ.

ನನಗೆ ಅದೇ ಆಯಿತು. ಎರಡನೇ ವರ್ಷ, ಅಕ್ಟೋಬರ್, ಪಕ್ಕದಿಂದ ಒಳ್ಳೆ ಗಾಳಿ. ಎಂಜಿನ್ ಪರೀಕ್ಷೆ ಮುಗಿಸಿ ಬ್ರೇಕ್ ಬಿಟ್ಟೆ ಅಂದುಕೊಂಡೆ, ಎರಡು ಮೂರು ಹಲ್ಲು ಹಾಗೇ ಉಳಿದಿತ್ತು. ಟೇಕಾಫ್‌ನಲ್ಲಿ ಗೊತ್ತಾಗಲಿಲ್ಲ. ಮುಕ್ಕಾಲು ಗಂಟೆ ಹಾರಿ ವಾಪಸ್ ಬಂದೆ. ಇಳಿಯುವ ಮುಂಚಿನ ಚೆಕ್‌ನಲ್ಲಿ ‘ಬ್ರೇಕ್ ಆಫ್’ ಅಂತ ಬಾಯಲ್ಲಿ ಹೇಳಿದೆ, ಕೈ ಥ್ರಾಟಲ್ ಮೇಲೇ ಇತ್ತು. ಮೂರೂ ಚಕ್ರ ಚೆನ್ನಾಗಿ ಒಟ್ಟಿಗೆ ಕೂತವು. ವೇಗ ಇಳಿಯಿತು, ಗಾಳಿ ಮೂತಿಯನ್ನು ಎಡಕ್ಕೆ ತಳ್ಳಿತು, ಬಲಗಾಲು ಪೂರ್ತಿ ಒತ್ತಿದೆ. ಬಲ ಚಕ್ರ ಗಪ್ಪನೆ ಹಿಡಿಯಿತು. ವಿಮಾನ ಬಲಕ್ಕೆ ಗಿರಕಿ ಹೊಡೆಯಿತು, ಎಡ ರೆಕ್ಕೆ ಬಾಗಿ ತುದಿ ಹುಲ್ಲಿಗೆ ಉಜ್ಜಿತು. ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ನಿಂತಿತು.

ಸ್ವಿಚ್‌ಗಳನ್ನು ಆಫ್ ಮಾಡಿ ಇಳಿದೆ. ರೆಕ್ಕೆ ತುದಿಯಲ್ಲಿ ಮೊಳದುದ್ದ ಬಣ್ಣ ಕಿತ್ತು ಹೋಗಿತ್ತು, ಬಿರುಕಿನಲ್ಲಿ ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ಆ ಹುಲ್ಲನ್ನು ಒಂದೊಂದೇ ಎಳೆದು ತೆಗೆದೆ. ನನ್ನ ಕೈ ನಡುಗುತ್ತಿತ್ತು. ಅರವತ್ತು ವರ್ಷ ಎಷ್ಟೋ ಹುಡುಗರು ತಡವರಿಸಿ ಕಲಿತ ವಿಮಾನ, ಅದಕ್ಕೆ ನನ್ನ ಕೈಯಿಂದ ಗಾಯ ಆಯಿತಲ್ಲ ಅಂತ ಬಹಳ ನೋವಾಯಿತು. ಎಂಜಿನಿಯರ್ ಚಕ್ರದ ಕಾಲು, ರೆಕ್ಕೆಯ ಜೋಡಣೆ ಎಲ್ಲ ಬಿಚ್ಚಿ ನೋಡಿದರು. ಒಳಗೆ ಏನೂ ಆಗಿರಲಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು ವಾಯುಪಡೆಯಲ್ಲಿ ಇದೇ ವಿಮಾನದಲ್ಲಿ ಕಲಿಸಿದವರು. ಅವರು ಬೈಯಲಿಲ್ಲ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ‘ಚೆಕ್ ಬಾಯಿಂದ ಹೇಳಬೇಡ, ಕೈಯಿಂದ ಹೇಳು’ ಅಂದರು. ಲಿವರ್‌ಗೆ ಅಂಗೈ ಇಟ್ಟು ಮುಂದಕ್ಕೆ ತಳ್ಳಿಸಿದರು. ಇಪ್ಪತ್ತು ಸಲ.

ಸ್ಪಿನ್ ಕಲಿತದ್ದೂ ಅವರಿಂದಲೇ. ಚಿಪ್‌ಮಂಕ್ ಸ್ಪಿನ್‌ಗೆ ಒಂದು ಕಾಲದಲ್ಲಿ ಹೆಸರು ಕೆಟ್ಟಿತ್ತು. ಬಾಲದ ಹತ್ತಿರ ಉದ್ದ ಪಟ್ಟಿಗಳನ್ನು ಸೇರಿಸಿದ್ದು ಅದಕ್ಕೇ. ಹೊರಬರುವ ಕ್ರಮ ಸರಳ, ಆದರೆ ಪೂರ್ತಿ ಮಾಡಬೇಕು. ಸುತ್ತುವ ದಿಕ್ಕಿಗೆ ಎದುರು ರಡರ್ ಪೂರ್ತಿ, ಒಂದು ಕ್ಷಣ ತಡೆ, ಆಮೇಲೆ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಸ್ಟಿಕ್ ಮುಂದಕ್ಕೆ, ಸುತ್ತು ನಿಲ್ಲುವವರೆಗೆ ಮುಂದಕ್ಕೆ. ಬೇಕಾದರೆ ಕೊನೆಯವರೆಗೂ. ಸ್ಟಿಕ್ ಭಾರ ಆಗುತ್ತದೆ, ತೋಳಿನ ಬಲ ಬೇಕು. ಮತ್ತೆ ನಿಲ್ಲುವ ಮುಂಚೆ ಸುತ್ತು ಇನ್ನೂ ಜೋರಾಗುತ್ತದೆ! ಗೊತ್ತಿಲ್ಲದವರು ಅಲ್ಲೇ ಗಾಬರಿಯಾಗಿ ಕೈ ಸಡಿಲ ಬಿಡುತ್ತಾರೆ. ಮೊದಲ ಸಲ ಐದು ಸಾವಿರ ಅಡಿಯಲ್ಲಿ ಮೂತಿ ಕೆಳಗೆ ಬಿದ್ದು ಹಸಿರು ಹೊಲಗಳು ಗಿರಗಿರ ಅಂದಾಗ ನನಗೆ ನೆನಪಾದದ್ದು ತೊಗರಿ ಹೊಲದ ದಾರಿ, ನಿಲ್ಲಿಸಿದ ಸೈಕಲ್. ನಾನು ಆಗ ಕೆಳಗಿನಿಂದ ನೋಡಿದ ವಿಮಾನದೊಳಗೆ ಇಂಥದೇ ಒಬ್ಬ ಹುಡುಗ ಹಲ್ಲು ಕಚ್ಚಿಕೊಂಡು ಸ್ಟಿಕ್ ತಳ್ಳುತ್ತಿದ್ದ.

ಹಾರುವ ಸುಖದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕೈಗೆ ಇಷ್ಟು ಹಗುರ, ಇಷ್ಟು ಹದವಾದ ವಿಮಾನ ನಾನು ಬೇರೆ ಕಂಡಿಲ್ಲ. ಬೇಸಿಗೆಯ ಸಂಜೆ ಗಾಜು ಹಿಂದಕ್ಕೆ ಜಾರಿಸಿ, ತೊಂಬತ್ತು ನಾಟ್ ವೇಗದಲ್ಲಿ (ಗಂಟೆಗೆ ಸುಮಾರು 165 ಕಿಲೋಮೀಟರ್), ಅಫಿಂಗ್ಟನ್ ಗುಡ್ಡದ ಮೈಮೇಲೆ ಬಿಡಿಸಿದ ಬಿಳಿ ಸುಣ್ಣದ ಕುದುರೆಯ ಮೇಲೆ ತಿರುಗುವುದು ನನಗೆ ಬಹಳ ಇಷ್ಟ. ಸಾವಿರಾರು ವರ್ಷ ಹಳೆಯ ಗೆರೆ, ನೂರು ಮೀಟರಿಗೂ ಉದ್ದ. ಕೆಳಗೆ ನಿಂತರೆ ಪೂರ್ತಿ ಕಾಣುವುದೇ ಇಲ್ಲ.

ಆದರೆ ಮಾಲೀಕ ಅಂದಮೇಲೆ ಒಂದು ಗಂಟೆ ಹಾರಿದರೆ ಮೂರು ಗಂಟೆ ನೆಲದ ಮೇಲಿನ ಕೆಲಸ. ಹೊಟ್ಟೆಯ ಆಯಿಲ್ ಒರೆಸುವುದು, ಮೈ ಲೋಹದ್ದಾದರೂ ರೆಕ್ಕೆಯ ಹಿಂಭಾಗಕ್ಕೆ ಹೊದಿಸಿದ್ದು ಬಟ್ಟೆ, ಅದರಲ್ಲಿ ಎಲ್ಲಾದರೂ ಬಿರುಕು ಇದೆಯಾ ಅಂತ ಬೆರಳಾಡಿಸುವುದು. ಎಲ್ಲಕ್ಕಿಂತ ಮುಖ್ಯ ರೆಕ್ಕೆಯ ಆಯುಸ್ಸಿನ ಲೆಕ್ಕ. ಲೋಹ ದಣಿಯುತ್ತದೆ. ಸುಮ್ನೆ ನೇರ ಹಾರಿದ ಗಂಟೆಗಿಂತ ಲೂಪ್, ಅಂದರೆ ಆಕಾಶದಲ್ಲಿ ಮೇಲೆದ್ದು ತಲೆಕೆಳಗಾಗಿ ಬರುವ ಪೂರ್ತಿ ಸುತ್ತು, ಹೊಡೆದ ಗಂಟೆ ಜಾಸ್ತಿ ದಣಿಸುತ್ತದೆ. ಪ್ರತಿ ಹಾರಾಟವನ್ನೂ ಹಾಗೆ ಬರೆದಿಡಬೇಕು. ಆಯುಸ್ಸು ಮುಗಿದರೆ ದೊಡ್ಡ ರಿಪೇರಿ, ದೊಡ್ಡ ಖರ್ಚು. ಹಾಗಾಗಿ ನಮ್ಮ ಗುಂಪಿನಲ್ಲಿ ಲೂಪ್‌ಗಳನ್ನು ಮನೆಯ ತುಪ್ಪದ ಹಾಗೆ ನೋಡಿಕೊಂಡು ಬಳಸುತ್ತೇವೆ. ಪಾಲು ಕೊಳ್ಳುವ ಆಸೆ ಇರುವವರು ಬಣ್ಣ ನೋಡಿ ಮರುಳಾಗಬೇಡಿ. ಮೊದಲು ಆ ಲೆಕ್ಕದ ಪುಸ್ತಕ ಕೇಳಿ.

ಅಪ್ಪ ಒಂದು ಬೇಸಿಗೆಯಲ್ಲಿ ಬಂದಿದ್ದರು. ಎಪ್ಪತ್ತೆರಡು ವಯಸ್ಸು. ರೆಕ್ಕೆಯ ಕಪ್ಪು ಪಟ್ಟಿಯ ಮೇಲೆ ಕಾಲಿಟ್ಟು, ನನ್ನ ಭುಜ ಹಿಡಿದು ಹಿಂದಿನ ಸೀಟಿಗೆ ಇಳಿದರು. ಸೀಟು ಪ್ಯಾರಾಶೂಟ್ ಮೇಲೆ ಕೂರುವುದಕ್ಕೆ ಮಾಡಿದ ತಗ್ಗಿನ ಬಾನಿ. ಎರಡು ದಿಂಬು ಹಾಕಿದ ಮೇಲೆ ಹೊರಗೆ ಕಂಡಿತು. ಅರ್ಧ ಗಂಟೆ ಹಾರಿದೆವು. ಅವರು ಇಂಟರ್‌ಕಾಮ್‌ನಲ್ಲಿ ಒಂದೇ ಮಾತು ಆಡಿದರು. ‘ಸಪ್ಪಳ ಅದೇ ಅದ.’

ಕಳೆದ ವರ್ಷ ಆ ಹಿರಿಯರು ಹಾರುವುದು ಬಿಟ್ಟರು. ಅವರ ಪಾಲನ್ನು ಇಪ್ಪತ್ತೆಂಟರ ಒಬ್ಬ ಹುಡುಗಿ ಕೊಂಡಳು. ತರಬೇತಿ ಮುಗಿಸಿ, ಸಹಿ ಹಾಕಿಸಿಕೊಂಡು, ಪಾಲುದಾರಳಾಗಿ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾರಿದಳು. ವಾಪಸ್ ಬರುವಾಗ ಗಾಳಿ ಪಕ್ಕದಿಂದ ಇತ್ತು. ರನ್‌ವೇ ಎಡಗಡೆ ಕಾಣಿಸಿತು, ಅವಳು ಚೆಕ್ ಶುರು ಮಾಡಿದಳು. ನಾನು ಬಾಯಿ ತೆರೆಯಲಿಲ್ಲ. ‘ಬ್ರೇಕ್’ ಅಂದಳು, ಅವಳ ಎಡ ಭುಜ ಒಮ್ಮೆ ಮುಂದಕ್ಕೆ ಬಾಗಿತು. ಕೈ ಲಿವರ್ ಮೇಲೆ ಇಟ್ಟು ತಳ್ಳಿದ್ದಳು. ಆಮೇಲೆ ‘ಆಫ್’ ಅಂದಳು.