ಮನೆ ಖಾಲಿ ಮಾಡುವ ಮುನ್ನ ಗಾಡಿಯನ್ನು ಮೂರು ಜಿಲ್ಲೆ ಸುತ್ತಿಸಿ

ಮಕ್ಕಳು-ಮರಿ ಕಟ್ಟಿಕೊಂಡು ವರ್ಷಗಟ್ಟಲೆ ಗಾಡಿಯಲ್ಲೇ ಸಂಸಾರ ಹೂಡಿ ದೇಶ ಸುತ್ತಬೇಕು ಅನ್ನುವವರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸೀಮೆಯಷ್ಟು ಒಳ್ಳೆಯ ಪರೀಕ್ಷೆಯ ಕಣ ಸಿಗುವುದು ಕಷ್ಟ. ಜುಲೈಯಲ್ಲಿ ಕಣಕುಂಬಿಯ ಜಡಿಮಳೆ, ಏಪ್ರಿಲ್-ಮೇಯಲ್ಲಿ ವಿಜಯಪುರದ 40 ಡಿಗ್ರಿ ದಾಟುವ ಬಿಸಿಲು, ನಡುವೆ ಎರೆಮಣ್ಣು, ಘಟ್ಟದ ಏರು, ಕಬ್ಬಿನ ಟ್ರ್ಯಾಕ್ಟರು. ಬಾಡಿಗೆ ಮನೆ ಬಿಡುವುದು, ಕಪಾಟು-ಮಂಚ ಮಾರುವುದು ಎಲ್ಲ ಕೊನೆಗೆ. ಮೊದಲು ಗಾಡಿ ಕಟ್ಟಿ, ತೂಗಿಸಿ, ಮಳೆಯಲ್ಲಿ ಒಂದು ವಾರ, ಬಿಸಿಲಲ್ಲಿ ಒಂದು ವಾರ ಅದರೊಳಗೆ ಇದ್ದು ನೋಡಬೇಕು. ಕೆಳಗಿನ ಲೆಕ್ಕವೆಲ್ಲ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಕುಟುಂಬದ್ದು.

ಗಾಡಿ, ಕಾಗದ

ಟೆಂಪೋ ಟ್ರಾವೆಲರ್ ಜಾತಿಯ, ಒಳಗೆ ನೆಟ್ಟಗೆ ನಿಲ್ಲಬಹುದಾದ ಎತ್ತರದ ವ್ಯಾನು ನಾಲ್ವರಿಗೆ ಸಾಕು. ಫೋರ್ಸ್ ಟ್ರಾವೆಲರ್ 3350, 3700, 4020 ಮಿಲಿಮೀಟರ್ ವೀಲ್‌ಬೇಸ್‌ಗಳಲ್ಲಿ (ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ) ಬರುತ್ತದೆ. 3350ರಲ್ಲಿ ನಾಲ್ಕು ಜನ ಮಲಗುವ ಹಾಗೆ ಮಾಡಿದರೆ ಕಾಲಿಡಲು ಜಾಗ ಉಳಿಯುವುದಿಲ್ಲ. 4020 ಆದರೆ ಬಾದಾಮಿಯ ಓಣಿಯಲ್ಲಿ ತಿರುಗಿಸುವಾಗ ಬೆವರು ಕಿತ್ತು ಬರುತ್ತದೆ. ಕುಟುಂಬಕ್ಕೆ 3700 ಹೊಂದುತ್ತದೆ.

ಹಳೆಯ ಗಾಡಿ ತಂದು ಸೀಟು ಕಿತ್ತು ಮಂಚ ಜೋಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಬೇರೆಯೇ ಮಾನದಂಡವಿದೆ. ಬೆಳಗಾವಿಯ ಉದ್ಯಮಬಾಗಿನಲ್ಲಿ ತಗಡು, ವೆಲ್ಡಿಂಗ್, ಲೇಥ್ ಕೆಲಸಕ್ಕೆ ಕೈ ಪಳಗಿದವರು ಬೇಕಾದಷ್ಟಿದ್ದಾರೆ. ಆದರೆ ಬಾಡಿ ಕಟ್ಟುವವರಿಗೆ ಮುಂಗಡ ಕೊಡುವ ಮುನ್ನ ಈ ಮಾನದಂಡದ ಅನುಮೋದನೆ ಪತ್ರ ತೋರಿಸಲು ಕೇಳಿ. ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಬಂದ ಮೇಲೆ ಕಟರ್ ಹಚ್ಚಿಸಿ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವರ್ಗದಲ್ಲಿ ನೋಂದಣಿಯಾಗುತ್ತದೆ. ಆರ್‌ಸಿಯಲ್ಲಿ ಆ ವರ್ಗ ಬಂದ ಮೇಲೆ ವಿಮೆ ಕಂಪನಿಗೂ ಬರೆದು ತಿಳಿಸಬೇಕು. ಹೇಳದೆ ಬಿಟ್ಟರೆ ಅಪಘಾತವಾದ ದಿನ ಕ್ಲೇಮು ನಿಲ್ಲುವುದು ಇದೇ ಕಾರಣಕ್ಕೆ.

ಗಾಡಿಯ ಖಾಲಿ ತೂಕ 7,500 ಕೆ.ಜಿ. ಮೀರದಿದ್ದರೆ ಲಘು ಮೋಟಾರು ವಾಹನದ (ಎಲ್‌ಎಂವಿ) ಲೈಸೆನ್ಸ್ ಸಾಕು. ಗಾಡಿಯ ನಂಬರು ಬೆಳಗಾವಿಯ ಕೆಎ-22 ಆಗಲಿ, ವಿಜಯಪುರ, ಬಾಗಲಕೋಟೆಯ ಕೆಎ-28, 29 ಆಗಲಿ, ಬೇರೆ ರಾಜ್ಯದಲ್ಲಿ ಸತತ 12 ತಿಂಗಳು ಮೀರಿದರೆ ಅಲ್ಲಿನ ನಂಬರು ಪಡೆಯಬೇಕಾಗುತ್ತದೆ. ರಾಜ್ಯ ದಾಟಿದ ದಿನದ ಟೋಲ್, ಡೀಸೆಲ್ ರಸೀದಿಗಳನ್ನು ಒಂದು ಫೈಲಿನಲ್ಲಿ ಇಡುತ್ತ ಹೋಗಿ.

ಕಾಟಾದ ಮೇಲೆ

ಗಾಡಿ ಸಂಸಾರ ಕೆಡುವುದು ಹೆಚ್ಚಾಗಿ ತೂಕದಿಂದ. ಬ್ರೇಕ್ ಕಾಯುವುದು, ಹಿಂದಿನ ಟೈರು ಒಡೆಯುವುದು, ಪಾಟಾ (ಸ್ಪ್ರಿಂಗ್ ಪಟ್ಟಿ) ಮುರಿಯುವುದು ಮೂರಕ್ಕೂ ಬೇರು ಒಂದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ನೀರು 200 ಲೀಟರ್ ಅಂದರೆ 200 ಕೆ.ಜಿ. ನಾಲ್ಕು ಜನ 190. ಪ್ಲೈವುಡ್ 18 ಎಂ.ಎಂ. ಹಾಕಿದರೆ 8×4 ಅಡಿಯ ಒಂದು ಹಲಗೆಯೇ 33 ಕೆ.ಜಿ. ಹತ್ತಿರ, ಐದು ಹಲಗೆಗೆ 165. ಬಟ್ಟೆ-ಹಾಸಿಗೆ 100, ಪಾತ್ರೆ-ದಿನಸಿ 60, ಬ್ಯಾಟರಿ ಮತ್ತು ಸೋಲಾರ್ 50, ಫ್ರಿಜ್-ಒಲೆ 35, ಎರಡು ಸಣ್ಣ ಸಿಲಿಂಡರ್ 25, ಪಾನಾ-ಜಾಕು 40, ಸೈಕಲ್ಲು-ಚಪ್ಪರ 50. ಕೂಡಿದರೆ 900 ಕೆ.ಜಿ. ದಾಟಿತು. ಹಲಗೆಯನ್ನು 12 ಎಂ.ಎಂ.ಗೆ ಇಳಿಸಿದರೆ 55 ಕೆ.ಜಿ. ಅಲ್ಲಿಯೇ ಉಳಿಯುತ್ತದೆ. ಮಂಚದ ಚೌಕಟ್ಟನ್ನು ಅಲ್ಯುಮಿನಿಯಂನಲ್ಲಿ ಮಾಡಿದರೆ 12 ಎಂ.ಎಂ. ಹಲಗೆ ಧಾರಾಳವಾಗಿ ತಾಳುತ್ತದೆ.

ತೂಗಿಸಲು ನಮ್ಮ ಕಡೆ ಬರವಿಲ್ಲ. ಕಬ್ಬಿನ ಕಾರ್ಖಾನೆ ಇದ್ದಲ್ಲೆಲ್ಲ ರಸ್ತೆ ಬದಿಗೆ ಗಾಡಿ ತೂಗುವ ಖಾಸಗಿ ಕಾಟಾ (ವೇಬ್ರಿಡ್ಜ್) ಇರುತ್ತದೆ. ಹಂಗಾಮು ಮುಗಿದ ಮೇಲೆ ಹೋದರೆ ಸಾಲು ಇರುವುದಿಲ್ಲ. ನೀರು, ಡೀಸೆಲ್, ಗ್ಯಾಸ್ ತುಂಬಿಸಿ, ಮಕ್ಕಳನ್ನೂ ಕೂರಿಸಿಕೊಂಡು ಹೋಗಿ. ಮೊದಲು ಪೂರಾ ಗಾಡಿ ಹತ್ತಿಸಿ ಒಟ್ಟು ತೂಕ ತೆಗೆದುಕೊಳ್ಳಿ. ಆಮೇಲೆ ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ, ನಂತರ ಹಿಂದಿನವನ್ನಷ್ಟೇ. ಕೊನೆಗೆ ಎಡಗಡೆಯ ಗಾಲಿಗಳು ಮಾತ್ರ ಮೇಲಿರುವಂತೆ ಒಂದು ಸಲ, ಬದಿಯಲ್ಲಿ ನೆಲ ಸಮವಾಗಿದ್ದರೆ ಮಾತ್ರ. ಒಟ್ಟು ತೂಕ ಆರ್‌ಸಿಯಲ್ಲಿ ಬರೆದ ಗರಿಷ್ಠಕ್ಕಿಂತ ಕನಿಷ್ಠ 150 ಕೆ.ಜಿ. ಕೆಳಗಿರಬೇಕು. ದಾರಿಯಲ್ಲಿ ಸಾಮಾನು ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಹಿಂದಿನ ಆಕ್ಸೆಲ್‌ನ ಆಚೆಗೆ ಭಾರ ಜಾಸ್ತಿಯಾದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ತೇಲಿದಂತಾಗುತ್ತದೆ. ಘಟ್ಟದ ತಿರುವಿನಲ್ಲಿ ಇದು ಪ್ರಾಣಕ್ಕೆ ಬರುತ್ತದೆ. ನೀರಿನ ಟಾಕಿಯನ್ನು ಎರಡು ಆಕ್ಸೆಲ್ ನಡುವೆ, ನೆಲಮಟ್ಟದಲ್ಲಿ ಕೂರಿಸಿ, ಒಳಗೆ ಅಡ್ಡಹಲಗೆ ಇರುವ ಟಾಕಿಯನ್ನೇ ಮಾಡಿಸಿ. ಅರ್ಧ ತುಂಬಿದ ಟಾಕಿಯ ನೀರು ಬ್ರೇಕ್ ಹಾಕಿದಾಗ ಒಮ್ಮೆಲೇ ಮುಂದಕ್ಕೆ ನುಗ್ಗುತ್ತದೆ.

ಕರೆಂಟು

ದಿನದ ಖರ್ಚು ಹೀಗೆ: 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ 500 ವ್ಯಾಟ್-ಗಂಟೆ, 25 ವ್ಯಾಟಿನ ಎರಡು ಫ್ಯಾನ್ 10 ಗಂಟೆಗೆ 500, ಫೋನು-ಲ್ಯಾಪ್‌ಟಾಪ್ 250, ದೀಪ, ಪಂಪು, ಮಿಕ್ಸಿ ಸೇರಿ 150. ಒಟ್ಟು 1,400. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್, 200 ಆಂಪಿಯರ್-ಗಂಟೆಯದು 2,560 ಹಿಡಿಯುತ್ತದೆ, ಅಂದರೆ ಎರಡು ದಿನಕ್ಕೆ ತುಸು ಕಡಿಮೆ. ಚಾವಣಿಯ 400 ವ್ಯಾಟ್ ಸೋಲಾರ್ ವಿಜಯಪುರದ ಬಿಸಿಲಲ್ಲಿ ದಿನಕ್ಕೆ 1,400ರ ಆಸುಪಾಸು ಕೊಟ್ಟು ಲೆಕ್ಕ ಸರಿತೂಗಿಸುತ್ತದೆ. ಅದೇ ಹಲಗೆ ಜುಲೈಯ ಖಾನಾಪುರ ಕಾಡಂಚಿನಲ್ಲಿ 300 ಕೊಟ್ಟರೆ ಪುಣ್ಯ. ಅದಕ್ಕಾಗಿ ಇಂಜಿನ್ ಓಡುವಾಗ ತುಂಬಿಸುವ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಮೂರು ತಾಸು ಓಡಿಸಿದರೆ ಸುಮಾರು 1,100 ಸೇರುತ್ತದೆ.

ಎಸಿಯ ಆಸೆ ಬಿಡುವುದು ಒಳ್ಳೆಯದು. ಒಂದು ಟನ್ನಿನ ಎಸಿ ಈ ಬ್ಯಾಟರಿಯನ್ನು ಎರಡೂವರೆ ತಾಸಿನಲ್ಲಿ ಬರಿದು ಮಾಡುತ್ತದೆ. ಇಂಡಕ್ಷನ್ ಒಲೆಯೂ ಅದೇ ಕತೆ. ಇನ್ವರ್ಟರ್ 1,000 ವ್ಯಾಟ್ ಸಾಕು. ಅದಕ್ಕೆ 35 ಚದರ ಎಂ.ಎಂ. ತಾಮ್ರದ ಕೇಬಲ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ 125 ಆಂಪಿಯರ್ ಫ್ಯೂಸ್. ಹೊಗೆ ಏಳುವುದು ಬಹುತೇಕ ಕೇಬಲ್ ತುದಿಗೆ ಕೂರಿಸುವ ಲೋಹದ ಲಗ್ ಸಡಿಲವಾಗಿ. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್ ಆರು ತಿಂಗಳ ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತದೆ, ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿಸಿ. ಶೇಂಗಾ ಚಟ್ನಿಯ ಪುಡಿಗೆಂದು ಮಿಕ್ಸಿ ಐದು ನಿಮಿಷ ಓಡಿಸಿ, ನಿಲ್ಲಿಸಿದ ಕೂಡಲೆ 12 ವೋಲ್ಟಿನ ಕಡೆಯ ಪ್ರತಿ ಲಗ್ ಮೇಲೆ ಬೆರಳಿಟ್ಟು ನೋಡಿ. ಚುರ್ ಅಂದದ್ದು ಯಾವುದೋ ಅದನ್ನು ಕತ್ತರಿಸಿ ಹೊಸದು ಹಾಕಬೇಕು. ಮುಂದೆ ಲೇಹ್, ಸ್ಪಿತಿ ಕಡೆ ಹೋಗುವವರಿಗೆ ಇನ್ನೊಂದು ಮಾತು: ಈ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಶಾಶ್ವತವಾಗಿ ಕೆಡುತ್ತದೆ, ಹಾಗಾಗಿ ಅದು ಜನ ಮಲಗುವ ಒಳಭಾಗದಲ್ಲೇ ಇರಲಿ.

ನೀರು, ಪಾಯಖಾನೆ

ಕುಡಿಯಲು, ಅಡುಗೆಗೆ 20 ಲೀಟರ್, ಪಾತ್ರೆಗೆ 15, ತಲೆಗೆ 10ರಂತೆ ಸ್ನಾನಕ್ಕೆ 40. ದಿನಕ್ಕೆ 75 ಆಯಿತು. 200 ಲೀಟರ್ ಎರಡೂವರೆ ದಿನ ಬರುತ್ತದೆ. ಕುಡಿಯುವ ನೀರು ಟಾಕಿಗೆ ಬೇಡ, 20 ಲೀಟರಿನ ಎರಡು ಕ್ಯಾನ್ ಬೇರೆ ಇಡಿ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ತುಂಬುತ್ತದೆ. ವಿಜಯಪುರ, ಬಾಗಲಕೋಟೆಯ ಬೋರಿನ ನೀರು ಗಡಸು. ಬಳಕೆಗೆ ಹಾಕಿದರೂ ಶವರಿನ ತೂತು, ಪಂಪಿನ ಜಾಲರಿ ಬೆಳ್ಳಗೆ ಕಟ್ಟುತ್ತವೆ. ತಿಂಗಳಿಗೊಮ್ಮೆ ಅವನ್ನು ಬಿಚ್ಚಿ, ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕಲಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಟಾಕಿಗೆ ಮೂರು ತಿಂಗಳಿಗೊಮ್ಮೆ ಸೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ 200 ಮಿ.ಲೀ. ಹಾಕಿ, ತುಂಬಿಸಿ, ನಾಲ್ಕು ತಾಸು ಬಿಟ್ಟು ಎರಡು ಸಲ ತೊಳೆಯಿರಿ. ಇವೆರಡನ್ನೂ ಒಟ್ಟಿಗೆ ಮಾಡಬೇಡಿ, ಕೂಡಿದರೆ ವಿಷಗಾಳಿ ಏಳುತ್ತದೆ.

ಡಬ್ಬಿ ಹೊರಗೆಳೆದು ಖಾಲಿ ಮಾಡುವ ಕ್ಯಾಸೆಟ್ ಪಾಯಖಾನೆಯ 20 ಲೀಟರ್ ಡಬ್ಬಿ ನಾಲ್ವರಿಗೆ ಎರಡೇ ದಿನ. ಮೂತ್ರ ಬೇರೆ ಹೋಗುವ ಒಣ ಪಾಯಖಾನೆಯಾದರೆ, ತೆಂಗಿನ ನಾರಿನ ಪುಡಿ ಹಾಕುತ್ತ ನಾಲ್ಕೈದು ದಿನ ತಳ್ಳಬಹುದು, ವಾಸನೆಯೂ ಕಡಿಮೆ. ಕ್ಯಾಸೆಟ್ ಡಬ್ಬಿಯನ್ನು ಸಾರ್ವಜನಿಕ ಶೌಚಾಲಯದ ಕಮೋಡಿಗೆ, ಕಾಯುವವರನ್ನು ಕೇಳಿ, ಹತ್ತು-ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಸುರಿಯಿರಿ. ಹೊಳೆ, ಹಳ್ಳ, ಕಾಲುವೆಗೆ ಬಚ್ಚಲ ನೀರನ್ನೂ ಬಿಡಬಾರದು. ಮಲಪ್ರಭೆಯಲ್ಲಿ ಕೆಳಗಡೆ ಯಾರದೋ ಕೊಡ ತುಂಬುತ್ತಿರುತ್ತದೆ.

ಒಲೆ, ಬುತ್ತಿ

ಮನೆಯ 14.2 ಕೆ.ಜಿ. ಸಿಲಿಂಡರ್ ಬೇಡ. ವಿಳಾಸದ ಪುರಾವೆ ಇಲ್ಲದೆ ಸಿಗುವ 5 ಕೆ.ಜಿ.ಯ ಎರಡು ಇರಲಿ, ಒಂದು ಸುಮಾರು ಹನ್ನೆರಡು ದಿನ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಕೂರುತ್ತದೆ. ಆದ್ದರಿಂದ ಸಿಲಿಂಡರಿನ ಪೆಟ್ಟಿಗೆ ಒಳಗಿನಿಂದ ಪೂರ್ತಿ ಮುಚ್ಚಿರಬೇಕು, ತಳದಲ್ಲಿ ಎರಡು ಇಂಚಿನ ತೂತು ನೇರ ಹೊರಗೆ ಬಿದ್ದಿರಬೇಕು, ಆ ತೂತು ಸೈಲೆನ್ಸರ್ ಪೈಪಿನ ಮೇಲೆ ಬರಬಾರದು. ಓಡಿಸುವಾಗ ರೆಗ್ಯುಲೇಟರ್ ಬಂದ್. ವಾರಕ್ಕೊಮ್ಮೆ ಸಾಬೂನು ನೊರೆ ಹಚ್ಚಿ ನೋಡಿ.

ಜೋಳದ ಹಿಟ್ಟು ಬೇಸಿಗೆಯಲ್ಲಿ ಮೂರು ವಾರ ದಾಟಿದರೆ ಕಹಿಯಾಗುತ್ತದೆ, ಹಳೆ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಮಹಾರಾಷ್ಟ್ರ ದಾಟಿ ಉತ್ತರಕ್ಕೆ ಹೋದರೆ ಜೋಳ ಬೀಸಿಕೊಡುವ ಗಿರಣಿ ಸಿಗುವುದು ಅಪರೂಪ. ಮೊದಲ ತಿಂಗಳಿಗೆ ಕಟಕ್ ರೊಟ್ಟಿಯೇ ಆಸರೆ. ಚೆನ್ನಾಗಿ ಒಣಗಿಸಿ, ಸ್ಟೀಲ್ ಡಬ್ಬಿಯಲ್ಲಿ ಅಡ್ಡಡ್ಡ ಪೇರಿಸಿ, ಮೇಲೆ ಹತ್ತಿ ಬಟ್ಟೆ ಒತ್ತಿ ತುರುಕಿ ಮುಚ್ಚಿ. ಡಬ್ಬಿಯಲ್ಲಿ ಸಂದು ಉಳಿದರೆ ಹದಗೆಟ್ಟ ರಸ್ತೆಯಲ್ಲಿ ಚೂರುಚೂರು. ಕರಾವಳಿಗೆ ಇಳಿದ ಕೂಡಲೆ ಮೆತ್ತಗಾಗುತ್ತವೆ, ತವೆಯ ಮೇಲೆ ಒಂದು ಗಳಿಗೆ ಇಟ್ಟರೆ ಮತ್ತೆ ಕಟಕ್. ಜೊತೆಗೆ ಗುರೆಳ್ಳು, ಅಗಸಿ, ಶೇಂಗಾ ಚಟ್ನಿ ಪುಡಿ. ಕೆಂಪು ಮೆಣಸಿನಕಾಯಿಯ ರಂಜಕ ಮಾತ್ರ ಗಾಜಿನ ಬರಣಿಯಲ್ಲಿ ಬೇಡ, ಒಡೆದರೆ ಹಾಸಿಗೆಯವರೆಗೂ ಕೆಂಪು.

ಮಕ್ಕಳು

ಗಾಡಿ ಓಡುವಾಗ ಮಕ್ಕಳು ಮಂಚದ ಮೇಲೆ ಮಲಗಬಾರದು, ಮುಖ ಮುಂದಕ್ಕಿರುವ ಬೆಲ್ಟಿನ ಸೀಟಿನಲ್ಲೇ ಕೂರಬೇಕು. ಸೀಟಿನ ಬೋಲ್ಟು ಪ್ಲೈವುಡ್ಡಿಗಲ್ಲ, ಚಾಸಿಗೆ ಬಿದ್ದಿರಬೇಕು. ಶಾಲೆ ಬಿಡಿಸುವಾಗ ಟಿಸಿಯ ಜೊತೆ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ ಬರೆದಿಟ್ಟುಕೊಳ್ಳಿ, ಮರಳಿ ಸೇರಿಸುವಾಗ ಅದನ್ನೇ ಕೇಳುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಶಿಕ್ಷಣ 3, 5, 8ನೇ ಇಯತ್ತೆಗೆ ಸಮಾನವಾದ ಮೂರು ಹಂತಗಳಲ್ಲಿದೆ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಓದಿಗೆ ಮುಂಜಾನೆಯ ಎರಡು ತಾಸು ಮೀಸಲಿಟ್ಟು, ಗಾಡಿ ಹೊರಡಿಸುವುದು ಆಮೇಲೆ. ವಾರಕ್ಕೆ ಮೂರು ದಿನ ಗಾಡಿ ಅಲುಗದಿದ್ದರೆ ಮಾತ್ರ ಇದು ನಡೆಯುತ್ತದೆ.

ಪರೀಕ್ಷೆಯ ಸುತ್ತು

ಮಳೆಯ ವಾರಕ್ಕೆ ಬೆಳಗಾವಿ, ಖಾನಾಪುರ, ಜಾಂಬೋಟಿ, ಕಣಕುಂಬಿ. ಹೊರಡುವ ಮುನ್ನ ಮನೆಯಂಗಳದಲ್ಲೇ ಪೈಪಿನಿಂದ ಇಪ್ಪತ್ತು ನಿಮಿಷ ನೀರು ಹೊಡೆಯಿರಿ, ಕೆಳಗಿನಿಂದ ಮೇಲಕ್ಕೆ. ಒಳಗೊಬ್ಬರು ಟಾರ್ಚ್ ಹಿಡಿದು ನೋಡಲಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆ ಒದ್ದೆಯಾಗಿ, ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಚಾವಣಿಯ ಫ್ಯಾನಿನ ಸುತ್ತ ಬ್ಯೂಟೈಲ್ ಪಟ್ಟಿ, ಅದರ ಮೇಲೆ ಪಾಲಿಯುರೆಥೇನ್ ಸೀಲೆಂಟ್. ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್, ಬಣ್ಣ ಬಳಿದ ತಗಡಿಗೆ ಸರಿಯಾಗಿ ಕಚ್ಚುವುದಿಲ್ಲ, ಅದರ ಮೇಲೆ ಇನ್ನೊಂದು ಸೀಲೆಂಟೂ ಕೂರುವುದಿಲ್ಲ. ರಾತ್ರಿ ಕಿಟಕಿ ಪೂರ್ತಿ ಮುಚ್ಚಬೇಡಿ, ನಾಲ್ವರ ಉಸಿರಿನ ತೇವ ಬೆಳಗಾಗುವಷ್ಟರಲ್ಲಿ ಹಾಸಿಗೆಯ ತಳಕ್ಕೆ ಬೂಸು ತರಿಸುತ್ತದೆ.

ಬಿಸಿಲಿನ ವಾರಕ್ಕೆ ಗೋಕಾಕ, ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ, ವಿಜಯಪುರ. ಚಾವಣಿಗೆ ಬಿಳಿ ಬಣ್ಣ, ಒಳಗೆ 25 ಎಂ.ಎಂ. ನೈಟ್ರೈಲ್ ಫೋಮ್ ಇಲ್ಲದಿದ್ದರೆ ರಾತ್ರಿ ಹನ್ನೊಂದಾದರೂ ತಗಡು ಕಾವು ಬಿಡುವುದಿಲ್ಲ. ಬೇವಿನ ಮರದ ನೆರಳಿಗೆ ನಿಲ್ಲಿಸಿದರೆ ಸೋಲಾರ್ ಸತ್ತಂತೆ. ಹಾಗಾಗಿ 10 ಮೀಟರ್ ತಂತಿಯ, ಬಿಸಿಲಿಗೆ ಎಳೆದಿಡುವ 100 ವ್ಯಾಟಿನ ಬಿಡಿ ಹಲಗೆಯೊಂದು ಇರಲಿ. ಬಿಸಿಯಾದ ಟೈರಿನ ಗಾಳಿ ಬಿಡಬೇಡಿ, ಒತ್ತಡ ನೋಡುವುದು ಮುಂಜಾನೆ ತಂಪಿನಲ್ಲಿ.

ಎರೆಹೊಲದ ಅಂಚಿಗೆ ಮೋಡ ಕಂಡ ದಿನ ಇಳಿಯಲೇಬಾರದು. ಹೂತರೆ ಆಕ್ಸಿಲರೇಟರ್ ತುಳಿಯುವುದು ಬಿಟ್ಟು ಹಿಂದಿನ ಗಾಲಿಯ ಮಣ್ಣು ಕೆರೆದು, ಗೋಣಿಚೀಲ ಇಲ್ಲವೆ ಕಬ್ಬಿನ ರವದಿ (ಒಣ ಎಲೆ) ತುರುಕಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ. ಟ್ರ್ಯಾಕ್ಟರಿನವರು ಬಂದರೆ ಹಗ್ಗವನ್ನು ಆಕ್ಸೆಲ್ಲಿಗೆ ಕಟ್ಟಲು ಬಿಡಬೇಡಿ, ಚಾಸಿಯ ಕೊಕ್ಕೆಗೇ ಕಟ್ಟಿಸಿ. ನವೆಂಬರಿನಿಂದ ಮಾರ್ಚಿವರೆಗೆ ಚಿಕ್ಕೋಡಿ, ಅಥಣಿ, ಜಮಖಂಡಿ, ಮುಧೋಳದ ದಾರಿಯಲ್ಲಿ ಸಂಜೆ ಆರರ ನಂತರ ಓಡಿಸುವುದು ಬೇಡವೇ ಬೇಡ: ಹಿಂದೆ ದೀಪವಿಲ್ಲದ ಜೋಡಿ ಟ್ರೇಲರ್ ಕಬ್ಬು ಹತ್ತಿರ ಬರುವ ತನಕ ಕಾಣುವುದಿಲ್ಲ.

ರಾತ್ರಿ ನಿಲ್ಲಲು ಪೆಟ್ರೋಲ್ ಬಂಕು, ಮಠದ ಬಯಲು, ಯಾತ್ರಿ ನಿವಾಸ, ಬಾದಾಮಿಯ ಮಯೂರ ಚಾಲುಕ್ಯದಂಥ ಪ್ರವಾಸೋದ್ಯಮ ನಿಗಮದ ಹೋಟೆಲಿನ ಆವರಣ ಒಳ್ಳೆಯವು. ಕತ್ತಲಾಗುವ ಮುನ್ನ, ಮನೆಯವರೆಲ್ಲ ಕೆಳಗಿಳಿದು ಕೇಳಬೇಕು: "ಕಾಕಾರ, ಇವತ್ತೊಂದಿನ ಇಲ್ಲಿ ಗಾಡಿ ಹಚ್ಚಲೇನ್ರೀ? ಹುಡುಗರದಾವ, ಮುಂಜಾನೆ ಆರಕ್ಕ ಹೋಗ್ತೀವ್ರಿ." ಮಕ್ಕಳನ್ನು ಕಂಡ ಮೇಲೆ ಇಲ್ಲ ಅನ್ನುವವರು ಕಡಿಮೆ; ಚಹಾಕ್ಕೂ ಕರೆಯುತ್ತಾರೆ. ಬನದ ಹುಣ್ಣಿವೆಗೆ ಬಾದಾಮಿ, ಭಾರತ ಹುಣ್ಣಿವೆಗೆ ಸವದತ್ತಿ ಕಡೆ ಮಾತ್ರ ತಲೆ ಹಾಕಬೇಡಿ, ಜಾತ್ರೆಯ ಜನದಲ್ಲಿ ಗಾಡಿ ಒಳಹೋದರೆ ಹೊರಬರುವುದು ಮರುದಿನ.

ಎರಡೂ ವಾರ ಮುಗಿದ ಮೇಲೆ ಮುಟ್ಟದೇ ಉಳಿದ ಸಾಮಾನನ್ನೆಲ್ಲ ಅಂಗಳಕ್ಕೆ ಇಳಿಸಿ. ಪಾನಾ, ಔಷಧ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಬಿಟ್ಟು ಉಳಿದದ್ದು ಮತ್ತೆ ಹತ್ತಬಾರದು. ಆಮೇಲೆ ಅದೇ ಕಾಟಾಕ್ಕೆ ಹೋಗಿ ಎರಡನೆಯ ಚೀಟಿ ತೆಗೆಸಿ, ಮೊದಲ ಚೀಟಿಯ ಪಕ್ಕ ಅಂಟಿಸಿ. ಎರಡನೆಯದು ಕಡಿಮೆ ತೋರಿಸಿದ ಮೇಲೆ ಮನೆಯ ಮಾಲೀಕರಿಗೆ ನೋಟಿಸ್ ಕೊಡಬಹುದು.