ಬೂಷ್ಟು ಹಿಡಿದ ಟೇಪಿನಿಂದ ‘ಸ್ಕ್ವೀಝ್’ ಮತ್ತೆ ನೋಡಿದ್ದು: ನನ್ನ ಅನುಭವ

ಕಾಸರಗೋಡಿನ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದ ವಿಎಚ್‌ಎಸ್ ಟೇಪಿನಿಂದ ಇನ್ನು ಚಿತ್ರ ಎತ್ತಲಾಗದು, ವಿಸಿಆರಿನ ಹೆಡ್ (ಟೇಪ್ ಓದುವ ತುದಿ) ಕೂಡ ಹಾಳು ಎಂದು ಬಲ್ಲವರೇ ಹೇಳಿದ್ದರು. ಪೇಟೆಯ ಒಂದು ಅಂಗಡಿಯಲ್ಲಂತೂ ಕ್ಯಾಸೆಟ್ ಮುಟ್ಟಲೂ ಒಪ್ಪಲಿಲ್ಲ. ಈಗ ಅಮೆರಿಕದ ಟಿವಿ ಧಾರಾವಾಹಿ ‘ದ ಎಕ್ಸ್-ಫೈಲ್ಸ್’ನ ಮೊದಲ ಸೀಸನ್ನಿನ ಮೂರನೇ ಕಂತು ‘ಸ್ಕ್ವೀಝ್’ ಆರಂಭದಿಂದ ಕೊನೆಯವರೆಗೆ ಒಂದು ಫ್ರೇಮೂ ಬೀಳದೆ ನನ್ನ ಡಿಸ್ಕಿನಲ್ಲಿದೆ. ಅದೇ ಕಾಲದ ಕೇಬಲ್ ರೆಕಾರ್ಡಿಂಗಿನ ಪ್ರತಿಗಳನ್ನು ಬೇರೆಯವರಲ್ಲೂ ನೋಡಿದ್ದೇನೆ. ಇಷ್ಟು ಸ್ವಚ್ಛವಾದದ್ದು ಕಂಡಿಲ್ಲ.

ಸ್ಟ್ರೀಮಿಂಗಿನಲ್ಲಿ ಸಿಗುವಾಗ ಈ ಉಪದ್ರ ಯಾಕೆ ಎಂದು ಕೇಳುವವರಿದ್ದಾರೆ. 1993ರ ಸೆಪ್ಟೆಂಬರ್ 24ರಂದು ಅಮೆರಿಕದಲ್ಲಿ ಈ ಕಂತು ಬಂದದ್ದು 4:3 ಚೌಕಟ್ಟಿನಲ್ಲಿ. 2015ರ ಬ್ಲೂ-ರೇಗೆ 35 ಎಂಎಂ ಫಿಲ್ಮಿನಿಂದ ತೆಗೆದ ಹೊಸ ಪ್ರತಿ ಅಗಲದ 16:9. ವಿವರ ಅದರಲ್ಲೇ ಹೆಚ್ಚು, ಅನುಮಾನವಿಲ್ಲ. ವಿಎಚ್‌ಎಸ್ ಕೊಡುವುದು ಸುಮಾರು 240 ಗೆರೆ ಮಾತ್ರ. ಆದರೆ ಇದು ಇಕ್ಕಟ್ಟಿನ ಕಥೆ. ಇದರ ಕೊಲೆಗಾರ ಟೂಮ್ಸ್ ಗಾಳಿಕಿಂಡಿಯಲ್ಲಿ, ಚಿಮಣಿಯಲ್ಲಿ ತೂರಿ ಬರುವವನು. ಪಕ್ಕದಲ್ಲಿ ಜಾಗ ಬಿಟ್ಟಷ್ಟೂ ಆ ಇಕ್ಕಟ್ಟು ಸಡಿಲವಾಗುತ್ತದೆ. ಮೊದಲು ನೋಡಿದ ಚೌಕಟ್ಟಿನಲ್ಲೇ ಮತ್ತೆ ನೋಡಬೇಕಿತ್ತು.

ಮೊದಲ ಕೆಲಸ ಒಣಗಿಸುವುದು. ಬೂಷ್ಟು ಹಸಿ ಇರುವಾಗ ಒರೆಸಿದರೆ ಅದು ಅಂಟಾಗಿ ಟೇಪಿನ ಪದರಗಳ ನಡುವೆ ಹೋಗಿ ಕೂರುತ್ತದೆ, ಆಮೇಲೆ ಬಿಡುವುದಿಲ್ಲ. ಅಡಿಕೆಯಂತೆ ಅಂಗಳದ ಬಿಸಿಲಿಗೆ ಇಟ್ಟವರೂ ಇದ್ದಾರೆ. ಬಿಸಿಗೆ ಟೇಪಿನ ಅಂಚು ಅಲೆಯಲೆಯಾಗುತ್ತದೆ. ಮೇಲಿನ ಅಂಚಿನಲ್ಲಿ ಲೀನಿಯರ್ ಆಡಿಯೋ ಎಂಬ ಧ್ವನಿಪಟ್ಟಿ, ಕೆಳಗಿನ ಅಂಚಿನಲ್ಲಿ ಟೇಪಿನ ಓಟ ಹೊಂದಿಸುವ ಕಂಟ್ರೋಲ್ ಟ್ರ್ಯಾಕ್. ಹಾಗಾಗಿ ಧ್ವನಿ, ಟ್ರ್ಯಾಕಿಂಗ್ ಎರಡೂ ಹೋಗುತ್ತವೆ. ಹೇರ್ ಡ್ರೈಯರಿನದೂ ಅದೇ ಕಥೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋದಷ್ಟು ನೀಲಿ ಸಿಲಿಕಾ ಜೆಲ್, ಒಳಗೆ ಒಂದು ಸಣ್ಣ ತೇವಾಂಶ ಮಾಪಕ, ಇಷ್ಟು ಸಾಕು. ಮುಳ್ಳು 40 ಶೇಕಡಾಕ್ಕಿಂತ ಕೆಳಗಿಳಿದ ಮೇಲೂ ಕೆಲವು ವಾರ ಬಿಡಬೇಕು. ಜೆಲ್ ಗುಲಾಬಿಯಾದರೆ ಓವನಿನಲ್ಲಿ 110–120 ಡಿಗ್ರಿಗೆ ಕಾಯಿಸಿ ಮತ್ತೆ ಹಾಕಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಮಳೆಯಲ್ಲಿ) ಈ ಕೆಲಸಕ್ಕೆ ಕೈ ಹಾಕಬೇಡಿ. ಮುಚ್ಚಳ ತೆಗೆದ ಅರ್ಧ ಗಂಟೆಯಲ್ಲಿ ಮುಳ್ಳು ಮೇಲೇರಿರುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಕ್ಯಾಸೆಟಿನ ಅಡಿಯ ಐದು ಸ್ಕ್ರೂ ಬಿಚ್ಚಿ ರೀಲುಗಳನ್ನು ಬೂಷ್ಟಿಲ್ಲದ ಬೇರೆ ಕವಚಕ್ಕೆ ವರ್ಗಾಯಿಸಿ. ಒಳಗಿನ ಬ್ರೇಕ್ ಸ್ಪ್ರಿಂಗ್ ಹಾರಿ ಹೋಗುತ್ತದೆ, ತೆಗೆಯುವ ಮೊದಲೇ ಫೋಟೋ ಹೊಡೆದಿಡಿ. ಎನ್95 ಮಾಸ್ಕ್ ಇಲ್ಲದೆ ಕವಚ ತೆರೆಯಬಾರದು.

ಒರೆಸಲು ವಿಸಿಆರ್ ಬೇಡ. ಹಳೆಯ ಕಾಲದ ಪ್ರತ್ಯೇಕ ರಿವೈಂಡರ್ ಸಿಕ್ಕಿದರೆ ಅದರ 12 ವೋಲ್ಟಿನ ಮೋಟರಿಗೆ 5–6 ವೋಲ್ಟ್ ಕೊಡಿ, ನಿಧಾನಕ್ಕೆ ತಿರುಗುತ್ತದೆ. ಮುಂದಿನ ಫ್ಲ್ಯಾಪ್ ಎತ್ತಿಟ್ಟರೆ ಬೆರಳುದ್ದದ ಟೇಪ್ ಹೊರಗೆ ಕಾಣುತ್ತದೆ, ಅಲ್ಲೇ ಎರಡೂ ಬದಿಗೆ ಪ್ಯಾಡ್ ಕೂರಿಸಬೇಕು. ಮೊದಲ ಸುತ್ತು ಪೂರ್ತಿ ಒಣಗು. ಎರಡನೆಯದಕ್ಕೆ ಬೆನ್ನಿನ ಬದಿಯ ಪ್ಯಾಡಿಗೆ ಮಾತ್ರ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಅದೂ ಹನಿಯಷ್ಟು. ಮೆಡಿಕಲಿನಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ನೀರು ಇರುತ್ತದೆ, ಕಲೆ ಉಳಿಯುತ್ತದೆ. ಹತ್ತಿ ಬಟ್ಟೆ ನೂಲು ಬಿಡುತ್ತದೆ, ಆ ನೂಲು ಹೆಡ್ಡಿಗೆ ಸಿಕ್ಕಿ ಚಿತ್ರವೇ ಮಾಯವಾಗುತ್ತದೆ. ಪ್ಯಾಡಿಗೆ ಕೊನೆಗೆ ಹೊಂದಿದ ಬಟ್ಟೆ ಯಾವುದು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಹುಡುಕಲು ತುಂಬ ಕಾಲ ಹಿಡಿದಿದೆ. ಇ-180 (ಮೂರು ಗಂಟೆಯ) ಟೇಪ್ ಸುಮಾರು 258 ಮೀಟರ್. ಒಂದು ಕಂತಿಗೆ ಬೇಕಾದದ್ದು ಅರವತ್ತು ಚಿಲ್ಲರೆ ಮೀಟರ್ ಆದರೂ ಪೂರ್ತಿ ಒರೆಸಿ, ಇಲ್ಲದಿದ್ದರೆ ಉಳಿದ ಭಾಗದ ಬೂಷ್ಟು ಮತ್ತೆ ಹರಡುತ್ತದೆ.

ವಿಸಿಆರಿನ ವಿಷಯದಲ್ಲಿ ನಮ್ಮ ಊರು ಪುಣ್ಯವಂತ. ಗಲ್ಫಿನಿಂದ ತಂದ ಬೇರೆ ಬೇರೆ ದೇಶದ ಟೇಪ್ ಓಡಿಸುವ ಮಲ್ಟಿಸಿಸ್ಟಂ ಪೆಟ್ಟಿಗೆಗಳು ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಇನ್ನೂ ಇವೆ. ಮೂರು ಸಾವಿರದ ಒಳಗೆ ಸಿಗುತ್ತವೆ. ಬೆಲ್ಟ್ ಕರಗಿ ಡಾಂಬರಿನಂತಾಗಿರುತ್ತದೆ, ಅದೊಂದು ನೂರಿನ್ನೂರು ರೂಪಾಯಿ ಖರ್ಚು. ಹೆಡ್ ಒರೆಸುವಾಗ ಐಸೊಪ್ರೊಪೈಲಿನಲ್ಲಿ ತೋಯಿಸಿದ ಬಿಳಿ ಕಾಗದವನ್ನು ಹೆಡ್ ಕೂತಿರುವ ಡ್ರಮ್ಮಿಗೆ ತಾಗಿಸಿ ಹಿಡಿದು ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ.

ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ತರಲು ಆರೇಳು ನೂರರ ಯುಎಸ್‌ಬಿ ಕಡ್ಡಿ ದುಡ್ಡು ದಂಡ. ಟೇಪ್ ಅಲುಗಿದ ಕಡೆಯೆಲ್ಲ ಫ್ರೇಮ್ ಬೀಳಿಸುತ್ತದೆ, ಹತ್ತು ನಿಮಿಷದಲ್ಲಿ ಮಾತು ತುಟಿಗೆ ಹೊಂದುವುದಿಲ್ಲ. ಎರಡು ಸಾವಿರದ ಆಸುಪಾಸಿನ ಕ್ಯಾಪ್ಚರ್ ಕಾರ್ಡ್ ಬೇಕು. ಅದಕ್ಕಿಂತ ಮುಖ್ಯ, ನಡುವೆ ಪ್ಯಾನಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್. ರೆಕಾರ್ಡ್ ಮಾಡುವುದಕ್ಕಲ್ಲ, ಸಿಗ್ನಲ್ ಹಾಯಿಸುವುದಕ್ಕೆ. ಚಿತ್ರದ ಮೇಲ್ಭಾಗ ಬಾವುಟದಂತೆ ವಾಲುವುದು ಅಲ್ಲೇ ನೇರವಾಗುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ. ಅಡಾಪ್ಟರ್ ಚುಚ್ಚಿದರೆ ಅರ್ತಿಂಗ್ ತೊಂದರೆಯಿಂದ ಅಡ್ಡ ಪಟ್ಟಿ ತೇಲುತ್ತದೆ. ನಮ್ಮ ಕಡೆಯ ಕರೆಂಟಿಗೆ ವಿಸಿಆರಿಗೊಂದು ಯುಪಿಎಸ್ ಬೇಕೇ ಬೇಕು. ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಆಯಿತು.

ವಿಡಿಯೋ ಹಿಡಿಯುವ ತಂತ್ರಾಂಶ ವರ್ಚುವಲ್‌ಡಬ್‌ನಲ್ಲಿ ಅಳತೆ 720×576, ಬಣ್ಣದ ಮಾದರಿ ವೈಯುವೈ2, ನಷ್ಟವಿಲ್ಲದೆ ಕುಗ್ಗಿಸುವ ಹಫ್‌ವೈಯುವಿ, ಧ್ವನಿ 48 ಕಿಲೋಹರ್ಟ್ಸ್. ಒಂದು ಕಂತು ಇಪ್ಪತ್ತು ಜಿಬಿಗೆ ಮೇಲೆ ಹೋಗುತ್ತದೆ. ಬ್ರೈಟ್‌ನೆಸ್ ಹೊಂದಿಸಲು ಕಂತಿನ ಶುರುವನ್ನು ನೋಡಬೇಡಿ. ಟೂಮ್ಸ್ ಅಡಗುವ ಎಕ್ಸೆಟರ್ ಸ್ಟ್ರೀಟಿನ ಮನೆಯಲ್ಲಿ ಟಾರ್ಚ್ ಹಿಡಿದು ಹೋಗುವ ದೃಶ್ಯಕ್ಕೆ ಓಡಿಸಿ, ಹಿಸ್ಟೋಗ್ರಾಂನಲ್ಲಿ (ಕಪ್ಪು-ಬಿಳುಪಿನ ಮಟ್ಟ ತೋರಿಸುವ ನಕ್ಷೆ) ಕಪ್ಪು ಎಡಗಡೆಯ ಕೆಂಪಿಗೆ ತಾಗದಂತೆ ಇಡಿ. ಕಾಗದದ ಚೂರು ಮತ್ತು ಪಿತ್ತರಸದಿಂದ ಕಟ್ಟಿದ ಅವನ ಗೂಡು ಆ ಕತ್ತಲಲ್ಲೇ ಇರುವುದು. ಒಮ್ಮೆ ಕಪ್ಪಿಗೆ ಬಿದ್ದ ವಿವರವನ್ನು ಆಮೇಲೆ ಯಾವ ಫಿಲ್ಟರೂ ಎತ್ತಿಕೊಡುವುದಿಲ್ಲ.

ಈ ಟೇಪಿನ ಪ್ರಸಾರ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಿಂದ ನಮ್ಮ ಪಾಲ್‌ಗೆ ಬದಲಾಯಿಸಿದ್ದು. ಫ್ರೇಮ್ ನಿಲ್ಲಿಸಿದರೆ ನಡೆಯುವವರಿಗೆ ಎರಡು ನೆರಳು. ಸೆಕೆಂಡಿಗೆ 25 ಫ್ರೇಮಿಗೆ ಇಳಿಸಿದರೆ ಚಲನೆ ಕುಂಟುತ್ತದೆ. ಏವಿಸಿಂತ್ ತಂತ್ರಾಂಶದಲ್ಲಿ ಕ್ಯೂಟಿಜಿಎಂಸಿ ಫಿಲ್ಟರ್ ಹಾಕಿ 50ರಲ್ಲೇ ಉಳಿಸಿದರೆ ಕಣ್ಣಿಗೆ ಹಿತ. ಬಣ್ಣ ವಿಎಚ್‌ಎಸ್‌ನಲ್ಲಿ ಬಲಕ್ಕೂ ಕೆಳಕ್ಕೂ ಜಾರಿರುತ್ತದೆ. ಎಫ್‌ಬಿಐ ಅಧಿಕಾರಿ ಸ್ಕಲ್ಲಿಯ ಕೈ ಮೇಲೆ ಪಿತ್ತರಸದ ಹನಿ ಬೀಳುವ ಶಾಟ್ ಇದಕ್ಕೆ ಒಳ್ಳೆಯ ಪರೀಕ್ಷೆ. ಹನಿಯ ಹೊಳಪು ಒಂದು ಕಡೆ, ಹಳದಿ ಬಣ್ಣ ಅದರ ಪಕ್ಕದ ಚರ್ಮದ ಮೇಲೆ. ಬಣ್ಣದ ಪದರವನ್ನು ಸುಮಾರು ನಾಲ್ಕು ಪಿಕ್ಸೆಲ್ ಎಡಕ್ಕೆ, ಎರಡು ಗೆರೆ ಮೇಲಕ್ಕೆ ಸರಿಸಿದಾಗ ಹಳದಿ ಹನಿಯೊಳಗೆ ಬಂದು ಕೂತಿತು. ಇನ್ನೊಂದು ಪರೀಕ್ಷೆ ಬೆರಳಚ್ಚು. ಟೂಮ್ಸ್‌ನ ಅಚ್ಚನ್ನು ಸ್ಕಲ್ಲಿಯ ಜೊತೆಗಾರ ಮಲ್ಡರ್ ಕಂಪ್ಯೂಟರಿನಲ್ಲಿ ಉದ್ದಕ್ಕೆ ಎಳೆದು ಹೊಂದಿಸುವ ದೃಶ್ಯವಿದೆಯಲ್ಲ, 768×576ಕ್ಕೆ (4:3ರ ಅಳತೆ) ಬದಲು ಟಿವಿ ಅದನ್ನು 16:9ಕ್ಕೆ ಹಿಗ್ಗಿಸಿದರೆ ಆ ಅಚ್ಚು ಮತ್ತೆ ಅಡ್ಡಕ್ಕೆ ಹರಡಿ ಸಾಕ್ಷ್ಯದ ತೂಕವೇ ಹೋಗುತ್ತದೆ.

ಇದರ ನಡುವೆ ಅಮೆರಿಕದಿಂದ ಬಂದ ಎನ್‌ಟಿಎಸ್‌ಸಿ ಟೇಪೊಂದನ್ನೂ ಅದೇ ಗಲ್ಫ್ ಪೆಟ್ಟಿಗೆಯಲ್ಲಿ ಓಡಿಸಿ ನೋಡಿದೆ. ಹೊರಬರುವುದು ಎರಡರ ಮಿಶ್ರಣವಾದ ಪಾಲ್-60, ಕಾರ್ಡಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಬರೀ ಕಪ್ಪು ಬಿಳುಪು. ‘ಸ್ಕ್ವೀಝ್’ ಪ್ರತಿಯಲ್ಲಿ ಜಾಹೀರಾತುಗಳನ್ನು, ಕೇಬಲ್‌ನವರು ಅಡಿಯಲ್ಲಿ ಓಡಿಸುತ್ತಿದ್ದ ಪಟ್ಟಿಯನ್ನು ಕತ್ತರಿಸಿಲ್ಲ. ಅಡಿಯ ಎಂಟು ಹತ್ತು ಗೆರೆಯಲ್ಲಿ ಹೆಡ್ ಬದಲಾಗುವಾಗ ಬರುವ ಕಸಕ್ಕೆ ಮಾತ್ರ ಕಪ್ಪು ಪಟ್ಟಿ ಮುಚ್ಚಿದೆ.

ನೋಡಲು ಕುಗ್ಗಿಸಿದ ಕೊನೆಯ ಪ್ರತಿ ಎಕ್ಸ್264, ಗುಣಮಟ್ಟದ ಅಂಕ ಸಿಆರ್‌ಎಫ್ 17. ಹಫ್‌ವೈಯುವಿ ಮೂಲವನ್ನು ಅಳಿಸದೆ ಎರಡು ಡಿಸ್ಕಿನಲ್ಲಿ ಇಟ್ಟಿದ್ದೇನೆ. ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ, ನೆಟ್ಟಗೆ ನಿಲ್ಲಿಸಿ, ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿದ್ದಾಯಿತು. ಅದರ ಪಕ್ಕದ ಡಬ್ಬಿಯಲ್ಲಿ ಈಗ ಅದೇ ಸೀಸನ್ನಿನ ‘ಟೂಮ್ಸ್’ ಕಂತಿನ ಕ್ಯಾಸೆಟ್ ಒಣಗುತ್ತಿದೆ, ಮುಳ್ಳು ಇನ್ನೂ 50ರ ಮೇಲಿದೆ.