ಕುಮಟಾದ ಮಳೆಗಾಲದಲ್ಲಿ ಕಂಪ್ಯೂಟರ್ ಐಇಎಲ್‌ಟಿಎಸ್: ನನ್ನ ಅನುಭವ

"ಕರೆಂಟೇ ಸರಿಯಾಗಿ ಇರದ ಊರಲ್ಲಿ ಕಂಪ್ಯೂಟರ್ ಪರೀಕ್ಷೆಯಾ ಮಾರಾಯ್ರೆ?" ಎಂದು ನಕ್ಕವರು ಬಹಳ. ಈಗ ಕುಮಟಾದ ನನ್ನ ಕೋಚಿಂಗ್ ಸೆಂಟರಿನಲ್ಲಿ ಐಇಎಲ್‌ಟಿಎಸ್ (ವಿದೇಶಕ್ಕೆ ಓದಲು, ದುಡಿಯಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಮಾಕ್ ಟೆಸ್ಟಿಗೆ, ಅಂದರೆ ಅಭ್ಯಾಸ ಪರೀಕ್ಷೆಗೆ, ಕಾಗದವೇ ಇಲ್ಲ. ಎರಡು ಮಳೆಗಾಲ ದಾಟಿಯೂ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಆನ್‌ಲೈನ್ ಸೇವೆಗೆ ದುಡ್ಡು ಕಟ್ಟಿದೆ. ಜೂನ್ ಬಂತು, ಗಾಳಿಗೆ ಮರ ಬಿತ್ತು, ಲೈನ್ ಹೋಯಿತು. ಕೇಳಿ ಉತ್ತರಿಸುವ ಲಿಸನಿಂಗ್ ವಿಭಾಗದ ಮಧ್ಯದಲ್ಲೇ ಆಡಿಯೋ ನಿಂತಿತು. ಹತ್ತು ಹನ್ನೆರಡು ಸಾವಿರ ನೀರಿಗೆ ಹಾಕಿದಂತಾಯಿತು. ಆಮೇಲೆ ಇಂಟರ್‌ನೆಟ್ಟನ್ನೇ ಕೈಬಿಟ್ಟೆ. ಒಂದು ಮೆಷಿನ್‌ಗೆ ಮೂಡಲ್ ಎಂಬ ಪಾಠ-ಪರೀಕ್ಷೆ ನಡೆಸುವ ಉಚಿತ ಸಾಫ್ಟ್‌ವೇರ್ ಹಾಕಿ ಸರ್ವರ್ ಮಾಡಿದೆ, ಉಳಿದವನ್ನು ಕೇಬಲ್‌ನಲ್ಲಿ ಜೋಡಿಸಿದೆ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದಕ್ಕೆ ಏಳೆಂಟು ಸಾವಿರ, ಅಂಥವು ಹತ್ತು. ಇನ್ವರ್ಟರ್, ಬ್ಯಾಟರಿಗೆ ಮೂವತ್ತು ಮೂವತ್ತೈದು. ಎಲ್ಲ ಸೇರಿ ಒಂದೂಕಾಲು ಲಕ್ಷದ ಆಚೀಚೆ.

ಜಾಸ್ತಿ ಕಾಡಿದ್ದು ಹೆಡ್‌ಫೋನ್. ಮುನ್ನೂರು ರೂಪಾಯಿಯವು ಉಪ್ಪುಗಾಳಿಗೆ ಆರು ತಿಂಗಳೂ ಬಾಳಲಿಲ್ಲ, ಪಿನ್ನಿಗೆ ಕಿಲುಬು ಹಿಡಿಯಿತು. ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಅವುಗಳಲ್ಲಿ ಏನೂ ಕೇಳುತ್ತಲೂ ಇರಲಿಲ್ಲ. ಕಿವಿ ಪೂರ್ತಿ ಮುಚ್ಚುವ ಯುಎಸ್‌ಬಿಯವು ತಂದೆ, ಒಂದಕ್ಕೆ ಸಾವಿರದ ಮೇಲೆ. ರಾತ್ರಿ ಅವನ್ನು ನಲವತ್ತು ವ್ಯಾಟ್ ಬಲ್ಬ್ ಉರಿಯುವ ಕಪಾಟಿನಲ್ಲಿ ಇಡುತ್ತೇನೆ. ಹೆಂಡತಿಯ ಹಪ್ಪಳವೂ ಅಲ್ಲೇ ಸೇರಿಕೊಂಡಿತು, ಗರಿಗರಿಯಾಗಿಯೇ ಇರುತ್ತದೆ!

ಮೆಷಿನ್‌ಗಿಂತ ಮಕ್ಕಳ ಕೈ ತಿದ್ದುವುದು ಕಷ್ಟ. ಕಾಗದದ ಪರೀಕ್ಷೆಯಲ್ಲಿ ಲಿಸನಿಂಗ್ ಮುಗಿದ ಮೇಲೆ ಉತ್ತರ ಇಳಿಸಲು 10 ನಿಮಿಷ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಬರೀ 2 ನಿಮಿಷ, ಅದೂ ಪರಿಶೀಲಿಸಲು. ಕೇಳುತ್ತಲೇ ಟೈಪ್ ಮಾಡಬೇಕು. ಬ್ರೌಸರಿನ ಸ್ಪೆಲ್‌ಚೆಕ್ ಆಫ್ ಮಾಡಿಬಿಡಿ. ನಿಜವಾದ ಪರೀಕ್ಷೆಯಲ್ಲಿ ಕೆಂಪು ಗೆರೆ ಬರುವುದಿಲ್ಲ. ರೈಟಿಂಗ್‌ನಲ್ಲಿ ಪದಗಳ ಲೆಕ್ಕ ಪರದೆಯ ಮೇಲೇ ಕಾಣುತ್ತದೆ. ಒಂದು ಪ್ರಶ್ನೆಗೆ ಕನಿಷ್ಠ 150 ಪದ, ಇನ್ನೊಂದಕ್ಕೆ 250 ಎಂದು ಬೆರಳಲ್ಲಿ ಎಣಿಸುವ ಗೋಳು ತಪ್ಪಿತು. ರೀಡಿಂಗ್‌ನಲ್ಲಿ ಪೆನ್ಸಿಲ್ ಗೆರೆಯ ಬದಲು ಹೈಲೈಟ್. ಅದನ್ನು ಮೂಡಲ್‌ಗೆ ಹೇಗೆ ಕೂರಿಸಿದೆ ಎಂದು ಮಾತ್ರ ಕೇಳಬೇಡಿ, ಅಂಗಡಿ ಗುಟ್ಟು.

ಇಂಥದ್ದೇ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್ ಬರೆಯುವವರಿಗಾಗಿ ಇನ್ನೊಂದು ಆಟ ಕಟ್ಟಿದೆ. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಮೈಕಿಗೆ ಮಾತಾಡುತ್ತಾರೆ, ಗದ್ದಲಕ್ಕೇ ಅರ್ಧ ಮಕ್ಕಳು ಮುಗ್ಗರಿಸುತ್ತಾರೆ. ಬಸ್‌ಸ್ಟ್ಯಾಂಡಿನ ಸದ್ದು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿದೆ. "ಅಂಕೋಲಾ, ಕಾರವಾರ" ಎಂಬ ಕೂಗಿನ ನಡುವೆ ಮಾತಾಡಿ ಗೆದ್ದವರಿಗೆ ಪರೀಕ್ಷಾ ಕೋಣೆ ಏನೂ ಅಲ್ಲ. ಐಇಎಲ್‌ಟಿಎಸ್‌ನವರಿಗೆ ಇದು ಸುಮ್ನೆ ದಂಡ. ಅವರ ಸ್ಪೀಕಿಂಗ್ ಪರೀಕ್ಷಕರ ಜೊತೆಗೇ ಅಲ್ವಾ?

ಪಾಲಕರನ್ನು ಒಪ್ಪಿಸಿದ್ದು ಐಇಎಲ್‌ಟಿಎಸ್‌ನ ಒನ್ ಸ್ಕಿಲ್ ರೀಟೇಕ್. ಒಂದೇ ವಿಭಾಗ ಮತ್ತೆ ಬರೆಯುವ ಈ ಅವಕಾಶ ಇರುವುದು ಕಂಪ್ಯೂಟರಿನಲ್ಲಿ ಬರೆದವರಿಗೆ ಮಾತ್ರ. ರೈಟಿಂಗ್‌ನಲ್ಲಿ 6 ಅಂಕಕ್ಕೆ ನಿಂತಿದ್ದ ನರ್ಸ್ ಹುಡುಗಿಯೊಬ್ಬಳು ಹೀಗೇ 7 ತೆಗೆದಳು. ಮೊದಲು ನಕ್ಕಿದ್ದ ಪಕ್ಕದೂರಿನ ಮೇಷ್ಟ್ರು ಮೊನ್ನೆ ಡೆಸ್ಕ್‌ಟಾಪ್ ರೇಟು ಕೇಳಿಕೊಂಡು ಬಂದರು. ರೇಟು ಹೇಳಿದೆ. ಯಾರ ಹತ್ತಿರ ತಂದೆ ಎಂದು ಹೇಳಲಿಲ್ಲ.